ಬಾಯಲ್ಲಿ ಕಡ್ಡಿ, ಕಣ್ಣಲ್ಲಿ ಕನಸು

ಕಡಲಂಚಿನ ನಮ್ಮ ಗ್ವಾಹಿರಾ ನಾಡಿನಲ್ಲಿ ಎಚ್ಚರವಾದ ಕೂಡಲೇ ಕನಸು ಹೇಳಬೇಕು, ಕಾಫಿ ಆಮೇಲೆ. ಮಗು ಬೇಕೆಂದು ನಾನು ಆಸ್ಪತ್ರೆಗೆ ಹೋದಾಗ ನರ್ಸ್ ಯಾದಿರಾ ಒಂದು ಥರ್ಮಾಮೀಟರು, ಚೌಕಳಿ ಹಾಳೆ, ಕೆಂಪು ಪೆನ್ಸಿಲು ಕೊಟ್ಟಳು. "ಮೈಬಿಸಿ ಯಾವಾಗ ಏರತ್ತೆ ಅಂತ ಗೊತ್ತಾದ್ರೆ ಬಸಿರಾಗೋ ದಿನಾನೂ ಗೊತ್ತಾಗತ್ತೆ. ದಿನಾ ಬಿಸಿ ನೋಡಿ ಹಾಳೇಲಿ ಗೆರೆ ಎಳಿ. ಏಳೋಕ್ ಮುಂಚೆ, ಮಾತಾಡೋಕ್ ಮುಂಚೆ ನಾಲಿಗೆ ಕೆಳಗಿಟ್ಕೋ. ಐದು ನಿಮಿಷ."

ಐದು ನಿಮಿಷ! ಕನಸೇನು ಕಟ್ಟಿಹಾಕಿದ ಮೇಕೆಯೇ, ಕಾದು ನಿಲ್ಲಲು?

ಪಕ್ಕದ ಜೋಲಿಯಲ್ಲಿ ಮಲಗಿದ ಅಜ್ಜಿ ಎರ್ಮೆಲಿಂಡಾ ಕೇಳುವಳು, "ಏನೇ ಕಂಡೆ?" ನಾನು "ಉಂ, ಉಂ" ಎನ್ನುವಷ್ಟರಲ್ಲಿ ಕನಸು ಆವಿಯಾಗಿ, ತಡಿಕೆಯ ಸಂದಿನಿಂದ ನುಸುಳಿ, ಸಮುದ್ರದ ಕಡೆ ಹೋಗಿಬಿಡುತ್ತಿತ್ತು.

"ಆ ಗಾಜಿನ ಕಡ್ಡಿ ನಿನ್ನ ಕನಸೆಲ್ಲಾ ಹೀರ್ಕೊಂಡು ಕೊಬ್ತಾ ಇದೆ," ಎಂದು ಅಜ್ಜಿ ಗೊಣಗಿದಳು.

ಅದಕ್ಕೇ ಕಡ್ಡಿ ಬಾಯಲ್ಲಿರುವಾಗಲೇ ಕನಸನ್ನು ಹಾಳೆಯ ಅಂಚಿನಲ್ಲಿ ಬರೆಯತೊಡಗಿದೆ. ತಿಂಗಳು ಕಳೆದು ಹಾಳೆ ಒಯ್ದಾಗ ಯಾದಿರಾ ನೋಡಿ ಹಣೆ ಚಚ್ಚಿಕೊಂಡಳು. "ಇಲ್ಲಿ ಜ್ವರ, ನೆಗಡಿ ಬರಿ ಅಂದ್ರೆ, ನೀಲಿ ಮೇಕೆ ಸಮುದ್ರ ಕುಡೀತು ಅಂತ ಬರ್ದಿದೀಯಲ್ಲ ಮಾರಾಯ್ತಿ!" ಆಮೇಲೆ ಅವಳ ಬೆರಳು ಕೆಂಪು ಗೆರೆಯ ಮೇಲೆ ನಿಂತಿತು. ಏರಿದ ಗೆರೆ ಇಪ್ಪತ್ತು ದಿನವಾದರೂ ಇಳಿದಿರಲಿಲ್ಲ. ಅವಳು ನಕ್ಕಳು. "ಬಸುರಿ ಕಣೇ ನೀನು. ಕೊಡಿಲ್ಲಿ ಕಡ್ಡಿ."

ಮರುದಿನ ನಾನು ಕಣ್ಣು ಬಿಡುವುದನ್ನೇ ಅಜ್ಜಿ ಕಾಯುತ್ತಿದ್ದಳು. "ಬಾಯಿ ಖಾಲಿ ಇದೆಯಲ್ಲ, ಹೇಳೀಗ."

"ಏನೂ ಕಾಣ್ಲಿಲ್ಲ ಅಜ್ಜಿ. ಕೊರಡಿನ ಹಾಗೆ ಮಲಗಿದ್ದೆ."

ಅಜ್ಜಿ ಜೋಲಿಯಿಂದಿಳಿದು ಬಂದು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. "ನಿನ್ನನ್ಯಾರು ಕೇಳಿದ್ರು?" ಎಂದು ನನ್ನನ್ನು ಗದರಿಸಿ, ಮೆಲ್ಲಗೆ ಬಾಗಿ ಪಿಸುಗುಟ್ಟಿದಳು: "ನೀನ್ ಹೇಳು ಮರಿ, ಏನ್ ಕಂಡೆ?"