ಆರುನೂರನೇ ಮನೆ

ಕೆರೆಯ ನೀರಿನಲ್ಲಿ ಒಂದು ಚೌಕ ಮಾತ್ರ ಮಂಕಾಗಿದೆ, ಎಣ್ಣೆ ಬಿತ್ತೇ, ಇಲ್ಲ, ಕಿಟಕಿಯ ಸರಳಿನ ನೆರಳೋ ಏನೋ, ಅಂಬುಜಾ ತಲೆ ಈಚೆ ವಾಲಿಸಿದಳು, ನೆರಳಾದರೆ ಸರಿಯಬೇಕು, ಸರಿಯಲಿಲ್ಲ, ತಲೆ ಆಚೆ ವಾಲಿಸಿದಳು, ಈಗ ಸುತ್ತಲ ನೀರೆಲ್ಲ ಮಂಕಾಗಿ ಅದೊಂದೇ ಚೌಕ ಹೊಳೆಯಿತು — ಮೂರು ವರ್ಷಕ್ಕೂ ಮೇಲೆ ಮರದ ಕೋಲಿಗೆ ಸುತ್ತಿಕೊಂಡು ಅಂಗೈಯಗಲ ಅಂಗೈಯಗಲವಾಗಿ ಮಾತ್ರ ಕಂಡಿದ್ದ ಬಟ್ಟೆ ಇವತ್ತು ಮೊದಲ ಸಲ ಮಂಚದ ಮೇಲೆ ಪೂರ್ತಿ ಹರವಿಕೊಂಡಿದೆ, ಕುಕ್ಕರಹಳ್ಳಿ ಕೆರೆ, ಏರಿ, ಏರಿಯ ಮೇಲಿನ ಮರಗಳು, ಆಚೆಗೆ ಬೆಟ್ಟ, ಎಲ್ಲ ಕ್ರಾಸ್ ಸ್ಟಿಚ್ಚಿನಲ್ಲಿ, ಎಲ್ಲ ಅವಳೊಬ್ಬಳದೇ ಕೈಯಲ್ಲಿ, ಅಡ್ಡಕ್ಕೆ ನಲವತ್ತು ಮನೆ, ಉದ್ದಕ್ಕೆ ಮೂವತ್ತು ಮನೆ, ಮನೆಗೆ ನೂರು ಹೊಲಿಗೆ — ನಾಲ್ಕು ಗಂಟೆಗೆ ಮಹಿಳಾ ಸಮಾಜದ ಸುಂದರಮ್ಮನವರು ಜಟಕಾದಲ್ಲಿ ಬಂದು ಇದನ್ನು ದಸರಾ ವಸ್ತುಪ್ರದರ್ಶನದ ಸ್ಪರ್ಧೆಗೆ ಒಯ್ಯುತ್ತಾರೆ, ಈಗ ಎರಡೂ ಮುಕ್ಕಾಲು, ಅತ್ತೆಯವರ ಭೂತಗನ್ನಡಿ ಹಿಡಿದು ಬಾಗಿದಳು, ಕೊಳೆಯಲ್ಲ, ಬಣ್ಣವೂ ತಪ್ಪಿಲ್ಲ, ಅದೇ ಒಂಬತ್ತನೇ ನಂಬರಿನ ಬೂದುನೀಲಿ, ಆದರೆ ಹೊಲಿಗೆಗಳೆಲ್ಲ ಮಗ್ಗುಲು ಬದಲಾಯಿಸಿ ಮಲಗಿವೆ, ಕೆಳಗಿರಬೇಕಾದ ಎಳೆ ಮೇಲೆ, ಮೇಲಿರಬೇಕಾದದ್ದು ಕೆಳಗೆ, ನೂರಕ್ಕೆ ನೂರೂ ಹಾಗೆಯೇ.

ಇದು ಆಗುವ ಮಾತಲ್ಲ, ಗಿಳಿಯ ವರ್ಷದಿಂದೀಚೆಗೆ ಅವಳ ಕೈಯಲ್ಲಿ ಇಂಥದ್ದು ಆಗಿಲ್ಲ, ಐವತ್ತನಾಲ್ಕರಲ್ಲಿ ಗಿಳಿ ಹೊಲಿದು ಸ್ಪರ್ಧೆಗೆ ಇಟ್ಟಾಗ ತೀರ್ಪಿಗೆ ಬಂದ ಹೆಂಗಸು, ಮೂಗಿನ ತುದಿಯಲ್ಲಿ ಕನ್ನಡಕ, ನಾಲ್ಕು ಜನರೆದುರು ಬಟ್ಟೆ ಮಗುಚಿ, ಏನಮ್ಮ ಇದು, ಮುಂದೆ ಗಿಳಿ, ಹಿಂದೆ ಜೇಡರ ಬಲೆ, ಕೆಲಸ ಬಲ್ಲವಳ ಯೋಗ್ಯತೆ ಹಿಂದುಗಡೆ ಕಾಣುತ್ತೆ ಕಣಮ್ಮ, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಕ್ಕು ಮನೆಯವರೆಗೂ ಬಿರಬಿರನೆ ನಡೆದೇ ಬಂದಳು, ಬಂದವಳು ಶಿಸ್ತು ಹಿಡಿದಳು — ಇಪ್ಪತ್ತಮೂರು ಬಣ್ಣ, ಬಣ್ಣಕ್ಕೊಂದು ನಂಬರು, ನಂಬರಿಗೊಂದು ರಟ್ಟು, ರಟ್ಟೆಂದರೆ ಹಳೆಯ ಲಗ್ನಪತ್ರಿಕೆ ಕತ್ತರಿಸಿದ್ದು, ನೂಲು ಸಿಕ್ಕಿಸಲು ಅದಕ್ಕೆ ತೂತು ಹಾಕಿಕೊಟ್ಟವರು ಇವರೇ, ಗಂಡ ವೆಂಕಟಸುಬ್ಬಯ್ಯನವರೇ, ಕಚೇರಿಯ ಪಂಚಿಂಗ್ ಮಿಷನ್ನನ್ನು ಒಂದು ಶನಿವಾರ ಚೀಲದಲ್ಲಿ ಹಾಕಿಕೊಂಡು ಬಂದು, ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ, ಹಂಗಾಯ್ತು ನಿನ್ನ ಕಥೆ ಎನ್ನುತ್ತ ಹಾಕಿದ್ದರು — ಬಣ್ಣಕ್ಕೊಂದು ಸೂಜಿ, ಫ್ಲಾನೆಲ್ ತುಂಡಿಗೆ ನಂಬರಿನ ಸಾಲಿನಲ್ಲಿ ಚುಚ್ಚಿಟ್ಟದ್ದು, ಎಳೆ ಮೊಳದುದ್ದ ಮೀರಬಾರದು, ಮೊದಲಿಗೂ ಗಂಟಿಲ್ಲ, ಕೊನೆಗೂ ಗಂಟಿಲ್ಲ, ತುದಿಯನ್ನು ಹಿಂದಿನ ಹೊಲಿಗೆಗಳ ಅಡಿಗೆ ತೂರಿಸಿ ಕತ್ತರಿಸಬೇಕು, ಕೆಳಗಿನ ಎಳೆ ಎಡದಿಂದ ಬಲಕ್ಕೆ ಏರಬೇಕು, ಮೇಲಿನದು ಬಲದಿಂದ ಎಡಕ್ಕೆ, ತಮ್ಮ ಅನಂತಪದ್ಮನಾಭ ಬರೆದುಕೊಟ್ಟ ಗ್ರಾಫ್ ಕಾಗದದಲ್ಲಿ ಮುಗಿದ ಮನೆಗೆ ಪೆನ್ಸಿಲ್ ಗೀಟು, ದಿನಕ್ಕೊಂದು ಮನೆ, ಹೆಚ್ಚಿಲ್ಲ ಕಡಿಮೆಯಿಲ್ಲ, ಹಿಂಬದಿಗೆ ಧೂಳು ಕೂರದಂತೆ ಹಳೆಯ ಪಂಚೆಯ ತುಂಡಿನ ಹೊದಿಕೆ, ಮತ್ತೆ ನೋಟುಪುಸ್ತಕ, ಮನೆಯ ನಂಬರು, ತಾರೀಖು, ಗುರುತು.

ನೋಟುಪುಸ್ತಕ ಇದ್ದ ಮೇಲೆ ತಲೆ ಯಾಕೆ ಕೆಡಿಸಿಕೊಳ್ಳಬೇಕು, ಮೇಲಿನಿಂದ ಹದಿನೈದನೇ ಸಾಲು, ಬಲಗಡೆಯ ಕಟ್ಟಕಡೆಯ ಮನೆ, ಹದಿನೈದು ನಲವತ್ತಲಿ ಆರುನೂರು, ಆರುನೂರನೇ ಮನೆ, ಐವತ್ತೇಳು ಜನವರಿ ಹನ್ನೆರಡು ಶನಿವಾರ, ಗುರುತು ಇದೆ, ಅದರ ಕೆಳಗೆ ಇಪ್ಪತ್ತು ದಿನ ಖಾಲಿ, ಖಾಲಿಯ ಕಡೆ ನೋಡುವುದು ಬೇಡ, ಶನಿವಾರ ನೋಡು, ಸೋಮವಾರ ಸಂಕ್ರಾಂತಿ, ಶನಿವಾರ ಬೆಳಗ್ಗೆಯಿಂದ ಎಳ್ಳಿಗೆ ಕೊಬ್ಬರಿ ಹೆಚ್ಚುತ್ತಿದ್ದಾಳೆ, ಏಳು ತಿಂಗಳ ಹೊಟ್ಟೆ, ಕಾಲು ಚಾಚಿ ಕೂತಿದ್ದಾಳೆ, ಕೈಯೆಲ್ಲ ಜಿಡ್ಡು, ಜಿಡ್ಡುಗೈಯಲ್ಲಿ ಬಟ್ಟೆ ಮುಟ್ಟುವ ಹಾಗಿಲ್ಲ, ಊಟ ಆದಮೇಲೆ ಕೂರ್ತೀನಿ, ಇವತ್ತು ಆರುನೂರು ಕಣ್ರೀ, ಅರ್ಧ ಆದ ಹಾಗೆ, ಇವರು ಶಾಲು ಹೊದ್ದು ಪೇಪರು ಓದುತ್ತ, ಇನ್ನರ್ಧ ಮಗಳು ಹೊಲೀತಾಳೆ ಬಿಡು, ಮಗಳು ಎಂದೇ ಅಂದಿದ್ದರು, ಮಗ ಎನ್ನಲಿಲ್ಲ — ಊಟಕ್ಕೆ ಮೊದಲೇ ಹೊಟ್ಟೆ ಹಿಂಡಿತು, ಜಟಕಾ ಬಂತು, ಹತ್ತುವಾಗ ಅವಳು ಹೇಳಿದ ಮಾತು, ಎಂಥ ಮಾತು, ರೀ ಇವತ್ತಿನ ಮನೆ ಆಗಲಿಲ್ಲ ಅಂತ. ಆಗಲಿಲ್ಲ. ಹಾಗಾದರೆ ಈ ಗುರುತು ಯಾರದು, ಅವಳ ಗುರುತಿಗೆ ಬಾಲ ಉದ್ದ, ಇದರ ಬಾಲ ಮೋಟು, ಪಕ್ಕದಲ್ಲೊಂದು ಚುಕ್ಕೆ, ಕಚೇರಿಯಲ್ಲಿ ಕಾಗದ ನೋಡಿದ್ದಾಯಿತು ಎಂದು ಹಾಕುವ ಚುಕ್ಕೆ, ಆಸ್ಪತ್ರೆಯಿಂದ ಬಂದು ಮತ್ತೆ ಸೂಜಿ ಹಿಡಿದಾಗ ಇದು ಕಣ್ಣಿಗೆ ಬೀಳಲೇ ಇಲ್ಲವಲ್ಲ, ಶನಿವಾರಕ್ಕೆ ಗುರುತು ಇದೆ, ಸರಿ, ಆರುನೂರೊಂದು ಎಂದು ಕೂತಿದ್ದಳು, ಆ ತಿಂಗಳುಗಳಲ್ಲಿ ಅವಳು ಲೆಕ್ಕ ನೋಡಿದಳೇ ಹೊರತು ಬಟ್ಟೆ ನೋಡಲಿಲ್ಲ.

ಎಡಗೈ. ಕೂಲಿಮಠದ ಮೇಷ್ಟರು ಇವರ ಎಡಗೈಯನ್ನು ಕಂಬಕ್ಕೆ ಕಟ್ಟಿಹಾಕಿ ಬಲಗೈಯಲ್ಲಿ ಬರೆಯಲು ಕಲಿಸಿದರಂತೆ, ಬರೆಯುವುದು ಉಣ್ಣುವುದು ಬಲಗೈ, ಮೊಳೆ ಹೊಡೆಯುವುದು, ಗುಂಡಿ ಹಾಕುವುದು, ಕಡತದ ದಾರ ಬಿಗಿಯುವುದು ಈಗಲೂ ಎಡಗೈ, ಎಡಗೈಯವರು ಸೂಜಿ ಹಿಡಿದರೆ ಎಳೆ ಹೀಗೇ ತಿರುಗಿ ಮಲಗುತ್ತದೆ, ಗೊತ್ತಾಯಿತು, ಗೊತ್ತಾದರೆ ಏನು, ಸಿಟ್ಟು ಇನ್ನಷ್ಟು ಬಂತು, ಇಪ್ಪತ್ತು ತಿಂಗಳ ಸಿಟ್ಟು, ಅದನ್ನೂ ಅವಳು ನಂಬರು ಹಾಕಿ ಡಬ್ಬದಲ್ಲಿಟ್ಟಂತೆಯೇ ಇಟ್ಟುಕೊಂಡಿದ್ದಾಳೆ — ಶನಿವಾರ ಸಂಜೆ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಇವರ ಕೈಗೆ ಕೊಟ್ಟರಂತೆ, ಹೆಣ್ಣಂತೆ, ನೀವು ನೋಡಬೇಡಿ ಎಂದು ಅವಳಿಗೆ ನರ್ಸಮ್ಮ ಹೇಳಿದರು, ನೋಡಲಿಲ್ಲ, ಹಬ್ಬಕ್ಕೆ ಬಂದಿದ್ದ ತಮ್ಮನೂ ಇವರೂ ಹೋಗಿ ಮಣ್ಣು ಮಾಡಿ ಬಂದರಂತೆ, ತಮ್ಮ ರಾತ್ರಿಯೇ ಊರಿಗೆ ಹೊರಟನಂತೆ, ಎಲ್ಲ ಅಂತೆ, ಭಾನುವಾರ ವಾರ್ಡಿನ ಎಲ್ಲ ಮಂಚಗಳಿಗೂ ಯಾರಾದರೂ ಬಂದರು, ಫ್ಲಾಸ್ಕು, ಕಿತ್ತಳೆ, ಗದರಿಕೆ, ಅವಳ ಮಂಚಕ್ಕೆ ಯಾರೂ ಇಲ್ಲ, ಬಾಗಿಲನ್ನು ಬೆಳಗ್ಗೆಯಿಂದ ದೀಪ ಹತ್ತುವವರೆಗೆ ನೋಡಿದಳು, ಸಂಜೆ ಬಂದದ್ದು ಪಾತ್ರೆ ತೊಳೆಯುವ ದೇವೀರಮ್ಮ, ಗಂಜಿ ಹಿಡಿದುಕೊಂಡು, ಅಯ್ಯನೋರು ಕೋಣೆ ಬಾಗ್ಲು ಹಾಕ್ಕೊಂಡು ಕುಂತ್ಬುಟ್ಟವ್ರೆ ಕಣವ್ವ, ಉಣ್ಣಾಕೂ ಏಳ್ನಿಲ್ಲ, ಎಂಗೆ ಕರದ್ರೂ ಊಂ ಅನ್ನಾಕಿಲ್ಲ, ಓಹೋ, ಅವರಿಗೆ ಕೋಣೆ ಇದೆ, ಹಾಕಿಕೊಳ್ಳಲು ಬಾಗಿಲಿದೆ, ಸೋಮವಾರ ಬಂದು ಎರಡು ಕಿತ್ತಳೆ ಇಟ್ಟು ನಿಂತರು, ಹೆಬ್ಬೆರಳಿಗೆ ಚಿಂದಿ ಸುತ್ತಿತ್ತು, ಏನಾಯ್ತು ಎಂದು ಅವಳು ಕೇಳಲಿಲ್ಲ, ಗೋಡೆ ಕಡೆ ತಿರುಗಿದಳು, ಆಮೇಲೆ ಮನೆಯಲ್ಲೂ ಹಾಗೆಯೇ, ಊಟಕ್ಕೆ ಏಳಿ, ಹಾಲು ಬಂತು, ತಮ್ಮನ ಕಾಗದ ಬಂತು, ಇಷ್ಟೇ ಮಾತು, ಮಗುವಿನ ಮಾತು ಒಂದು ದಿನವೂ ಇಲ್ಲ.

ಆ ಕೈ ಅಲ್ಲಿರಬೇಕಿತ್ತು, ಮಂಚದ ಪಕ್ಕ, ಇಲ್ಲಿ ಅದಕ್ಕೇನು ಕೆಲಸ, ಮೂರು ಗಂಟೆ, ಬಿಚ್ಚಲು ಕಾಲು ಗಂಟೆ, ಮತ್ತೆ ಹೊಲಿಯಲು ಮುಕ್ಕಾಲು, ಒಂಬತ್ತನೇ ರಟ್ಟಿನಲ್ಲಿ ಬೇಕಾದಷ್ಟು ನೂಲಿದೆ, ಆಗುತ್ತದೆ, ಸಣ್ಣ ಕತ್ತರಿಯ ಮೂತಿಯನ್ನು ಮೂಲೆಯ ಹೊಲಿಗೆಯಡಿ ತೂರಿಸಿ ಕಚ್ ಎನ್ನಿಸಿದಳು, ಅವಳ ಹೊಲಿಗೆಯಾದರೆ ಒಂದು ಕಡೆ ಕತ್ತರಿಸಿ ಎಳೆದರೆ ಸಾಲೇ ಸಡಿಲಾಗುತ್ತದೆ, ಇದು ಒಂದೇ ಬಂತು, ತುಂಡೆಳೆ, ಪಕ್ಕದ್ದು ಅಲುಗಲೇ ಇಲ್ಲ, ಹಿಂದಿನಿಂದ ಏನೋ ಹಿಡಿದುಕೊಂಡಿದೆ, ಬಟ್ಟೆ ಮಗುಚಿ ಪಂಚೆಯ ಹೊದಿಕೆಯನ್ನು ಆ ಅಂಚಿನಲ್ಲಿ ಸರ್ರನೆ ಬಿಚ್ಚಿದಳು, ಅವಳ ಹೊಲಿಗೆಯ ಹಿಂಬದಿ, ತೀರ್ಪಿನ ಹೆಂಗಸು ಬಂದು ನೋಡಲಿ, ನೆಟ್ಟಗೆ ನಿಂತ ಗೀಟುಗಳು, ಒಂದು ತುದಿ ಹೊರಗಿಲ್ಲ, ಅದರ ಕೊನೆಯಲ್ಲಿ ಆ ಮನೆ, ಮನೆಯ ತುಂಬ ಗಂಟು. ಒಂದು ಹೊಲಿಗೆಗೆ ಒಂದು ಗಂಟು. ಎಳೆಯನ್ನು ಮುಂದಕ್ಕೆ ಒಯ್ಯಬಹುದೆಂದು ತಿಳಿಯದೆ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಹೊಲಿದು, ಕಟ್ಟಿ, ಕತ್ತರಿಸಿ, ಮತ್ತೆ ಸೂಜಿಗೆ ಪೋಣಿಸಿ, ನೂರು ಸಲ, ಇವರ ಕನ್ನಡಕದ ಕಣ್ಣಿಗೆ ಸೂಜಿಯ ಕಣ್ಣು ಕಾಣಬೇಕಲ್ಲ, ಕಡತಕ್ಕೆ ಹಾಕುವ ಗಂಟು, ಎರಡು ಸುತ್ತು, ಬಿಗಿ, ಅಲ್ಲಲ್ಲಿ ತುಕ್ಕಿನಂಥ ಕಂದು ಚುಕ್ಕೆ, ತುಕ್ಕಲ್ಲ, ಭಾನುವಾರ ಪೂರ್ತಿ ಹಿಡಿದಿರುತ್ತದೆ, ಬೆಳಗ್ಗೆಯಿಂದ ದೀಪ ಹತ್ತುವವರೆಗೆ, ಅವಳು ಬಾಗಿಲು ನೋಡುತ್ತಿದ್ದಷ್ಟು ಹೊತ್ತೂ, ಹಿಂದಿನ ಸಂಜೆ ಬಟ್ಟೆಯಲ್ಲಿ ಸುತ್ತಿದ ಆ ಗಂಟನ್ನು ಎತ್ತಿಕೊಂಡು ಹೋಗಿದ್ದ ಕೈ, ಪಾಪ, ಎಂದಿತು ಮನಸ್ಸು, ಇಪ್ಪತ್ತು ತಿಂಗಳಲ್ಲಿ ಮೊದಲ ಸಲ, ಪಾಪ ಇವರು ಅಂತ.

ಕತ್ತರಿಸಿದ ಕಡೆ ಒಂದು ತೂತು, ತೊಂಬತ್ತೊಂಬತ್ತು, ಒಂಬತ್ತನೇ ಸೂಜಿ ತೆಗೆದಳು, ಗೇಣುದ್ದ ಎಳೆ ಸಾಕು, ಬಲಗಡೆಯಿಂದ ಹೊರಟು ಎಡಕ್ಕೆ ಏರಿಸಿದಳು, ಅದರ ಮೇಲೆ ಇನ್ನೊಂದು, ತಿರುಗಾಮುರುಗಾ, ಕೈ ಒಪ್ಪದೆ ತಡವರಿಸಿತು, ಆದರೂ ಅಕ್ಕಪಕ್ಕದವುಗಳ ಹಾಗೆಯೇ ಮಲಗಿತು, ಹಿಂದೆ ಮಗುಚಿದಳು, ತುದಿಯನ್ನು ಅಡಿಗೆ ತೂರಿಸಬೇಕು, ಬೇಡ, ಹೆಬ್ಬೆರಳಿಗೆ ಸುತ್ತಿಕೊಂಡಳು, ಎರಡು ಸುತ್ತು ಹೇಗೆ ಹಾಕುತ್ತಾರೋ, ಒಂದು ಸಲ ಜಾರಿತು, ಆಗಲೇ ನಾಲ್ಕಾಯಿತೇ, ಹೊರಗೆ ಜಟಕಾದ ಗಾಲಿ ನಿಂತ ಸದ್ದು, ಅಂಬುಜಾ, ಸುಂದರಮ್ಮನವರು ಬಂದ್ರು ಕಣೇ, ಮುಗೀತೇನು, ಪಡಸಾಲೆಯಿಂದ ಇವರ ಧ್ವನಿ, ಮುಗೀತು ಎನ್ನಬೇಕು, ತಗೊಂಡು ಹೋಗಲಿ, ಮಗುಚಿ ನೋಡಲಿ, ನಗಲಿ, ಬಹುಮಾನ ಯಾರಿಗಾದರೂ ಕೊಡಲಿ, ಆಮೇಲೆ ಇವರನ್ನು ಒಂದು ಮಾತು ಕೇಳಬೇಕು, ಮಗಳು ಹೇಗಿದ್ದಳು, ಮೂಗು ಯಾರ ಹಾಗಿತ್ತು ಅಂತ, ಕೇಳಬೇಕು, ರೀ, ಒಂದು ನಿಮಿಷ ಒಳಗೆ ಬನ್ನಿ, ಬಾಯಿ ಅಷ್ಟೇ ಅಂದಿತು, ಎಳೆಯ ಎರಡು ತುದಿ ಎರಡು ಕೈಯಲ್ಲಿ, ಬಾಗಿಲಲ್ಲಿ ಇವರ ಕಾಲು, ಎರಡು ಸುತ್ತು, ಬಿಗಿ, ಗಂಟು, ಗಂಟಿನ ಪಕ್ಕ ಗಂಟು, ಅದರ ಪಕ್ಕ ಗಂಟು