ಎಡಭುಜದ ಅಳತೆ

ಕಟಿಂಗ್ ಮಾಸ್ತರರು ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕಷ್ಟೇ. ಬಾಗಿಲು ದಾಟಿದವನು ಕನ್ನಡಿಯ ಮುಂದೆ ಬಂದು ನಿಲ್ಲುವಷ್ಟರಲ್ಲಿ ಅವರ ಕಣ್ಣು ಅವನನ್ನು ಅಳೆದು ಮುಗಿಸಿರುತ್ತಿತ್ತು. ಮೂವತ್ನಾಲ್ಕು ವರ್ಷದಿಂದ ಅದೇ ಅಂಗಡಿ, ಅದೇ ಕನ್ನಡಿ. ಊರಿನ ದೊಡ್ಡವರೆಲ್ಲ ಅವರ ಕೈಯಲ್ಲೇ ಕೋಟು ಹೊಲಿಸಿಕೊಂಡವರು. ಯಾರಿಗೆ ಬೊಜ್ಜು ಬಂತು, ಯಾರ ಬೆನ್ನು ಬಾಗಿತು ಎಂಬುದು ಅವರವರ ಹೆಂಡಂದಿರಿಗಿಂತ ಮೊದಲೇ ಮಾಸ್ತರರಿಗೆ ತಿಳಿಯುತ್ತಿತ್ತು.

ಸಿಮೆಂಟ್ ಕಂಪನಿಯ ಯಜಮಾನರು ಆ ವರ್ಷದ ಕೋಟಿನ ಟ್ರಯಲ್ಲಿಗೆ ಬಂದಾಗ ಟೇಪಿಗೆ ಏನೂ ಸಿಗಲಿಲ್ಲ. ಎದೆ, ಸೊಂಟ, ತೋಳು, ಎಲ್ಲವೂ ಹೋದ ವರ್ಷ ಪುಸ್ತಕದಲ್ಲಿ ಬರೆದಿದ್ದಷ್ಟೇ. ಆದರೆ ಅರೆಹೊಲಿಗೆಯ ಕೋಟು ಹಾಕಿ ಎಡಭುಜದ ಮೇಲೆ ಕೈಯಾಡಿಸಿದಾಗ ಮಾಸ್ತರರ ಬೆರಳು ತಾನಾಗಿಯೇ ನಿಂತಿತು. ಬಟ್ಟೆ ಕೂರಬೇಕಾದ ಕಡೆ ಕೂತಿರಲಿಲ್ಲ. ಎಷ್ಟು ಕಡಿಮೆ, ಎಲ್ಲಿ ಕಡಿಮೆ ಎಂದು ಕೇಳಿದ್ದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ.

ಆ ಸಡಿಲು ಅವರಿಗೆ ಪರಿಚಯದ್ದು. ಮೂರು ವರ್ಷದ ಹಿಂದೆ ಹೆಂಡತಿಯ ಬಟ್ಟೆಗಳನ್ನು ಒಂದೇ ವರ್ಷದಲ್ಲಿ ಮೂರು ಸಲ ಹಿಡಿದು ಹೊಲಿದಿದ್ದರು. "ವಯಸ್ಸು ಹಿಂದಕ್ಕೆ ಹೋಗ್ತಿದೆ ಕಣೇ ನಿಂಗೆ" ಎಂದು ತಮಾಷೆ ಮಾಡಿದ್ದರು. ಬೆರಳಿಗೆ ಗೊತ್ತಾದದ್ದನ್ನು ಬಾಯಿಗೆ ತರಲಿಲ್ಲ. ಆಸ್ಪತ್ರೆಯವರು ಗಡ್ಡೆ ಎಂದು ಹೇಳುವ ಹೊತ್ತಿಗೆ ಕೈ ಮೀರಿತ್ತು. ಅವಳು ಹೋದ ದಿನ ಮಾಸ್ತರರು ಅಳಲಿಲ್ಲ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದರು. ಅಳು ಬರಲೇ ಇಲ್ಲ, ಆಮೇಲೆ ಬೇರೇನೂ ಬರಲಿಲ್ಲ.

"ಯಜಮಾನ್ರೇ, ಒಂದ್ಸಲ ಡಾಕ್ಟರಿಗೆ ತೋರಿಸಿದ್ರೆ ಒಳ್ಳೇದು" ಎಂದರು ಮಾಸ್ತರರು.

"ಕೋಟು ಹೊಲಿಸೋಕೂ ಡಾಕ್ಟರ್ ಚೀಟಿ ಬೇಕೇನ್ರೀ?" ಯಜಮಾನರು ನಕ್ಕರು. ಜೊತೆಗೆ ಬಂದಿದ್ದ ಇಬ್ಬರೂ ನಕ್ಕರು. "ಹೋದ ತಿಂಗಳಷ್ಟೇ ನಮ್ಮ ಡಾಕ್ಟ್ರು ಪೂರ್ತಿ ಪರೀಕ್ಷೆ ಮಾಡಿದಾರೆ. ಅವ್ರು ಓದಿದವ್ರು. ನೀವು ತೋಳು ನೋಡಿ."

ಮಾಸ್ತರರು ತೋಳು ನೋಡಿದರು.

ಭಾನುವಾರ ಭಾವಮೈದುನ ಊಟಕ್ಕೆ ಬಂದ. ಶೇರು ವ್ಯವಹಾರದವನು. ತುತ್ತು ಬಾಯಲ್ಲಿರುವಾಗಲೇ ಎರಡು ಫೋನು ಮುಗಿಸುತ್ತಿದ್ದ ಅವನನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ಅಕ್ಕ ಹೋದ ಮೇಲೂ ವಾರಕ್ಕೊಮ್ಮೆ ಬರುವುದನ್ನು ಬಿಟ್ಟಿರಲಿಲ್ಲ. ಮಾತಿಗೆ ಮಾತು ಬಂದು ಮಾಸ್ತರರು ಹೇಳಿದರು: "ಯಜಮಾನ್ರ ಎಡಭುಜ ನಿಮ್ಮಕ್ಕನ ಭುಜದ ಹಾಗೇ ಆಗಿದೆ ಕಣೋ."

ಗಡಿಬಿಡಿಯ ಕಿವಿ ನೆಟ್ಟಗಾಯಿತು. "ಖಾತ್ರಿನಾ ಭಾವ?"

"ಖಾತ್ರಿ ಅಂತ ಹೆಂಗೆ ಹೇಳ್ಲಿ? ಕೈಗೆ ಹಂಗೆ ಅನ್ನಿಸ್ತು."

"ಅಕ್ಕನ ವಿಷ್ಯದಲ್ಲೂ ಅನ್ನಿಸಿತ್ತಾ?"

ಮಾಸ್ತರರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಗಡಿಬಿಡಿಗೆ ಅಷ್ಟು ಸಾಕಾಯಿತು. ಮಾರನೇ ಬೆಳಿಗ್ಗೆಯೇ ತನ್ನ ಹತ್ತಿರವಿದ್ದ ಯಜಮಾನರ ಕಂಪನಿಯ ಶೇರನ್ನೆಲ್ಲ ಮಾರಿ ಹಾಕಿದ. ಏಕೆಂದು ಕೇಳಿದ ನಾಲ್ವರಿಗೆ ಗುಟ್ಟಾಗಿ ಕಾರಣವನ್ನೂ ಹೇಳಿದ. ನಾಲ್ವರು ನಲವತ್ತಾದರು. ಹದಿನೈದು ದಿನದಲ್ಲಿ ಶೇರಿನ ಬೆಲೆ ಅರ್ಧಕ್ಕೆ ಇಳಿಯಿತು, ಮಾಸ್ತರರ ಮನೆಗೊಂದು ಹೊಸ ಫ್ರಿಜ್ ಬಂತು. "ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಭಾವ" ಎಂದ ಗಡಿಬಿಡಿ. ಮಾಸ್ತರರು ಅದರಲ್ಲಿ ಒಂದು ಬಾಟಲಿ ನೀರಿಟ್ಟು ಬಾಗಿಲು ಮುಚ್ಚಿದರು.

ಮೂರು ತಿಂಗಳಾದ ಮೇಲೆ ಕಂಪನಿಯ ಕಾರು ಅಂಗಡಿಯ ಮುಂದೆ ನಿಂತಿತು. ಕಂಪನಿ ಕಚೇರಿಯ ಒಂಬತ್ತನೇ ಮಹಡಿಯ ಕೋಣೆಯಲ್ಲಿ ಯಜಮಾನರೊಬ್ಬರೇ ಇದ್ದರು. ಬಡಕಲಾಗಿದ್ದರು. ದನಿ ಮಾತ್ರ ಹಾಗೇ ಇತ್ತು.

"ಗಾಳಿಸುದ್ದಿ ಸುಳ್ಳು ಅಂತ ತೋರಿಸೋಕೆ ದೊಡ್ಡಾಸ್ಪತ್ರೆಗೆ ಹೋದೆ. ಗಡ್ಡೆ ಸಿಕ್ತು. ಇನ್ನೊಂದು ತಿಂಗಳು ಬಿಟ್ಟಿದ್ರೆ ನಾನು ಇರ್ತಿರ್ಲಿಲ್ವಂತೆ. ನಿಮಗೆ ಹೇಗೆ ಗೊತ್ತಾಯ್ತು?"

"ಕೈಗೆ ಗೊತ್ತಾಯ್ತು ಯಜಮಾನ್ರೇ."

"ಅದಕ್ಕೊಂದು ವಿವರ ಅಂತ ಇರುತ್ತಲ್ಲ?"

"ನನ್ನ ಹತ್ರ ಇಲ್ಲ."

"ವಿವರ ಕೊಡೋರಿಗೆ ಅಂತ್ಲೇ ನಾನು ಕೈತುಂಬ ಸಂಬಳ ಕೊಡ್ತೀನಿ. ಅವರಲ್ಲಿ ಒಬ್ರಿಗೂ ಗೊತ್ತಾಗ್ಲಿಲ್ಲ." ಯಜಮಾನರ ಮಾತಿನಲ್ಲಿ ಕೃತಜ್ಞತೆ ಇರಲಿಲ್ಲ. ಒಬ್ಬ ದರ್ಜಿಯ ಮುಂದೆ ಮೈ ಬಿಚ್ಚಿ ನಿಂತಂತಾಗಿದ್ದ ಮುಜುಗರವಿತ್ತು. ಅದನ್ನು ನುಂಗಿಕೊಂಡು ವ್ಯವಹಾರಕ್ಕೆ ಬಂದರು. ಕಂಪನಿಯ ಹನ್ನೆರಡು ಮಂದಿ ಮುಖ್ಯಸ್ಥರಿಗೆ ಆರು ತಿಂಗಳಿಗೊಂದು ಕೋಟು, ಉಡುಗೊರೆಯಾಗಿ. ಅಳತೆ ತೆಗೆಯುವವರು ಮಾಸ್ತರರು. ಅಳತೆಯಾದ ಮೇಲೆ ಈ ಕೋಣೆಗೆ ಬಂದು ಯಾರ ಮೈ ಹೇಗಿದೆ ಎಂದು ಹೇಳಬೇಕು. "ಯಾರನ್ನ ನೆಚ್ಕೋಬೇಕು, ಯಾರನ್ನ ಬಿಡ್ಬೇಕು ಅಂತ ನನಗೆ ಮೊದ್ಲು ಗೊತ್ತಾಗ್ಬೇಕು."

"ಅವರಿಗೆ ಹೇಳ್ದೇನಾ?"

"ನೀವು ನಿಮ್ಮ ಭಾವಮೈದುನನಿಗೆ ಹೇಳುವಾಗ ನನ್ನನ್ನ ಕೇಳಿದ್ರಾ?" ಯಜಮಾನರು ಮೇಜಿನ ಮೇಲಿದ್ದ ಒಂದು ಕಡತವನ್ನು ಬೆರಳಿಂದ ತಟ್ಟಿದರು. "ಅವನ ವ್ಯವಹಾರದ ಕಾಗದವೆಲ್ಲ ಇಲ್ಲಿದೆ. ಪೊಲೀಸ್ರ ಹತ್ರ ಹೋಗ್ದೆ ಇಲ್ಲೇ ಇರ್ಲಿ, ಏನಂತೀರಿ?"

ಮಾಸ್ತರರಿಗೆ ಕೋಪ ಬರಬೇಕಿತ್ತು, ಹೋಗಲಿ, ಹೆದರಿಕೆಯಾದರೂ ಆಗಬೇಕಿತ್ತು. ಕಿಟಕಿಯಾಚೆ ಕೆಳಗಡೆ ಇರುವೆಯಷ್ಟಾಗಿ ಕಾಣುತ್ತಿದ್ದ ಕಾರುಗಳನ್ನು ನೋಡಿ "ಆಯ್ತು" ಎಂದರು.

ಸಭೆಯ ಕೋಣೆಯಲ್ಲಿ ಮುಖ್ಯಸ್ಥರು ಒಬ್ಬೊಬ್ಬರಾಗಿ ಬಂದು ನಿಂತರು. ಮಾಸ್ತರರು ಭುಜ ಸವರಿದರು, ಬೆನ್ನು ಸವರಿದರು. ಬೆರಳು ಒಂದು ಮಾತೂ ಆಡಲಿಲ್ಲ. ಅಂಗಡಿಯ ಗಾಜಿನೊಳಗೆ ನಿಲ್ಲಿಸುವ ಮರದ ಬೊಂಬೆಯನ್ನು ಮುಟ್ಟಿದ ಹಾಗೆ. ಹನ್ನೆರಡನೆಯವನು ಮಾರಾಟದ ಮುಖ್ಯಸ್ಥ, ಮಾತುಗಾರ. ಯಜಮಾನರ ನಂತರ ಇವನೇ ಎಂದು ಎಲ್ಲರೂ ಅಂದುಕೊಂಡಿದ್ದರು. ಹಿಂದೊಮ್ಮೆ ಮಾಸ್ತರರಲ್ಲಿ ಕೋಟು ಹೊಲಿಸಿದ್ದವನು.

"ಏನ್ ಮಾಸ್ತರೇ, ಇಳಿದಿದ್ದೀನಾ?"

"ಸೊಂಟ ಮೂರು ಇಂಚು ಕಡಿಮೆ."

"ಹಂಗನ್ನಿ ಮತ್ತೆ!" ಎಂದು ಅವನು ಹೊಟ್ಟೆ ತಟ್ಟಿಕೊಂಡು ಹೋದ.

ಯಜಮಾನರ ಮುಂದೆ ಮಾಸ್ತರರು ಹನ್ನೊಂದು ಮಂದಿಯನ್ನು "ಚೆನ್ನಾಗಿದ್ದಾರೆ" ಎಂದರು. ಹನ್ನೆರಡನೆಯವನದು ಮೂರು ಇಂಚು ಕಡಿಮೆ ಎಂದರು.

"ಅದು ಟೇಪಿನ ಮಾತು. ಕೈ ಏನ್ ಹೇಳ್ತು?"

ಕೈ ಸತ್ತುಹೋಗಿದೆ ಎಂದು ಹೇಳಬಹುದಿತ್ತು. ಹೇಳಿದರೆ ಕಡತ ಅಲ್ಲೇ ಇರುತ್ತದೆಯೇ ಎಂದು ಯೋಚಿಸುತ್ತ ಮಾಸ್ತರರು ಒಂದು ಗಳಿಗೆ ಸುಮ್ಮನೆ ನಿಂತರು.

"ಹೇಳೋಕೆ ಸಂಕಟ ಆಗ್ತಿದೆ ನಿಮಗೆ. ಅರ್ಥ ಆಯ್ತು ಬಿಡಿ" ಎಂದು ಯಜಮಾನರು ಹೆಸರಿನ ಮುಂದೆ ಗುರುತು ಹಾಕಿಕೊಂಡರು.

"ಹಂಗಲ್ಲ ಯಜಮಾನ್ರೇ..."

"ಅರ್ಥ ಆಯ್ತು ಅಂದ್ನಲ್ಲ."

ಮಾಸ್ತರರು ಟೇಪು ಸುತ್ತಿ ಜೇಬಿಗಿಟ್ಟುಕೊಂಡು ಹೊರಟರು.

ಎರಡು ತಿಂಗಳ ಮೇಲೆ ಮಾರಾಟದ ಮುಖ್ಯಸ್ಥ ಉಡುಗೊರೆಯ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಅಂಗಡಿಗೆ ಬಂದ. ಈಗ ಅವನು ಮುಖ್ಯಸ್ಥನಾಗಿರಲಿಲ್ಲ. ಆ ಕುರ್ಚಿಯಲ್ಲಿ ಯಜಮಾನರ ಸೋದರಳಿಯ ಕೂತಿದ್ದ.

"ಇನ್ನೂ ಸಡಿಲ ಆಗಿದೆ ಮಾಸ್ತರೇ, ಹಿಡಿದು ಕೊಡಿ. ಬೇರೆ ಕಡೆ ಕೆಲಸಕ್ಕೆ ಕರೆದಿದಾರೆ, ಹಾಕ್ಕೊಂಡು ಹೋಗ್ಬೇಕು. ಮೊಮ್ಮಗಳು ಹುಟ್ಟಿದಾಳೆ, ಅವಳ ಜೊತೆ ಓಡಾಡೋಕಾದ್ರೂ ಗಟ್ಟಿ ಇರ್ಬೇಕು ಅಂತ ದಿನಾ ಬೆಳಿಗ್ಗೆ ಎಂಟು ಕಿಲೋಮೀಟರ್ ನಡೀತೀನಿ. ಆಫೀಸಲ್ಲಿ ಯಾವನೋ ಪುಣ್ಯಾತ್ಮ ನನಗೆ ಕಾಯಿಲೆ ಅಂತ ಹಬ್ಬಿಸಿದ. ಡಾಕ್ಟರ ರಿಪೋರ್ಟ್ ತಗೊಂಡು ಹೋಗಿ ಯಜಮಾನ್ರ ಮೇಜಿನ ಮೇಲಿಟ್ಟೆ. ತೆರೆದೂ ನೋಡ್ಲಿಲ್ಲ ಕಣ್ರೀ. ಅದಕ್ಕಿಂತ ನಂಬೋ ಅಂಥಾದ್ದು ಇದೆಯಂತೆ ಅವರ ಹತ್ರ."

ಮಾಸ್ತರರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರು. ಸೂಜಿ ತೆಗೆದು ಮಾತಾಡಬಹುದಿತ್ತು. ಒಂದೊಂದೇ ಸೂಜಿಯನ್ನು ಕೋಟಿನ ಪಕ್ಕಕ್ಕೆ ಚುಚ್ಚುತ್ತ ಹೋದರು. ಕೊನೆಯದೂ ಮುಗಿದ ಮೇಲೆ, "ಗುರುವಾರ ಬನ್ನಿ" ಎಂದರು.

ಗುರುವಾರ ಅವನು ಬಂದ. ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, "ನಿಮ್ಮ ಕೈ ಅಂದ್ರೆ ಕೈ" ಎಂದ. ಮಾಸ್ತರರು ದುಡ್ಡು ತೆಗೆದುಕೊಂಡು ರಸೀದಿ ಹರಿದು ಕೊಟ್ಟರು.

ಮಾರನೇ ದಿನ ಕಂಪನಿಯ ಕಾರು ಬಂತು. ಸೋದರಳಿಯನಿಗೂ ಒಂದು ಕೋಟು ಆಗಬೇಕಿತ್ತಂತೆ. ಅವನ ಅಳತೆ ಪುಸ್ತಕದಲ್ಲಿರಲಿಲ್ಲ. ಮಾಸ್ತರರು ಹೊಸ ಪುಟ ತೆಗೆದು, ಎದೆಯಿಂದ ಶುರುಮಾಡಿದರು.