ಹಿತ್ತಾಳೆ ತುದಿಯ ವೈರು

ಬೈಕಿನಿಂದ ಬಿಚ್ಚಿದ ಹಳೆಯ ಕ್ಲಚ್ ವೈರನ್ನು ಮೆಕ್ಯಾನಿಕ್ ಹಾಗೇ ಎಸೆಯುತ್ತಿರಲಿಲ್ಲ. ಸವೆದ ಭಾಗ ಕತ್ತರಿಸಿ, ಉಳಿದದ್ದರ ತುದಿಗೆ ಬೆಸುಗೆ ಹಾಕಿ, ಮೆಣಸಿನ ಕಾಳಿನಷ್ಟು ಗುಂಡಗೆ ಮಾಡಿ, ಸುರುಳಿ ಸುತ್ತಿ ಮೊಳೆಗೆ ನೇತುಹಾಕುತ್ತಿದ್ದ. ಹಿಂದೊಮ್ಮೆ ಅಂಗಡಿ ಗುಡಿಸುತ್ತಿದ್ದ ಅವನ ತಾಯಿಯ ಅಂಗೈಗೆ ಬಿಚ್ಚಿಕೊಂಡ ವೈರಿನ ಎಳೆಯೊಂದು ನುಗ್ಗಿ, ಕೀವು ತುಂಬಿ, ಸಾಯುವತನಕ ಆ ಕೈಯನ್ನು ಪೂರ್ತಿ ಮಡಚಲಾಗಲಿಲ್ಲ. ಆಮೇಲೆ ಬಂದ ಅಭ್ಯಾಸ ಇದು.

"ಗಿರಾಕಿಗೆ ಟೋಪಿ ಹಾಕೋ ಮೆಕ್ಯಾನಿಕ್‌ಗಳನ್ನ ನೋಡಿದೀನಿ. ಕಸಕ್ಕೆ ಟೋಪಿ ಹಾಕೋನು ನೀನೊಬ್ಬನೇ ಗ್ರೀಸಣ್ಣ," ಎಂದ ಟ್ರ್ಯಾಕ್ಟರ್ ಡ್ರೈವರ್. ಊರಿನಲ್ಲಿ ಎಲ್ಲರೂ ಅವನನ್ನು ಗ್ರೀಸಣ್ಣ ಎಂದೇ ಕರೆಯುತ್ತಿದ್ದರು.

"ನಿನ್ನ ಬಾಯಿಗೂ ಒಂದು ಬೆಸುಗೆ ಹಾಕ್ತೀನಿ, ಕೂತ್ಕೋ."

ಆ ವೈರುಗಳಿಗೆ ಬೇಡಿಕೆ ಇತ್ತು. ಗೇಟು ಬಿಗಿಯಲು, ಬಟ್ಟೆ ಒಣಹಾಕಲು, ಬಕೆಟ್ಟಿನ ಹಿಡಿಗೆ ಎಂದು ಜನ ಕೇಳಿ ಒಯ್ಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಒಯ್ದವಳು ಅವನ ಅಕ್ಕ. ಬೇಲಿ ಕಟ್ಟಬೇಕು ಎಂದಿದ್ದಳು. ಬೇಲಿಗೆ ಅಷ್ಟು ವೈರು ಬೇಡ ಎಂಬುದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಅಕ್ಕನ ಹೊಲ ಕಾಡಿನ ಅಂಚಿನಲ್ಲಿದೆ, ಹಂದಿಗಳು ಒಂದು ಸಾಲು ಗೆಣಸನ್ನೂ ಉಳಿಸುತ್ತಿಲ್ಲ ಎಂಬುದೂ ಗೊತ್ತಿತ್ತು. ಅವನು ಕೇಳಲಿಲ್ಲ. ಅವಳು ಹೇಳಲಿಲ್ಲ.

ಬೆಳಗಿನ ಎರಡನೇ ಬೈಕು ಬಿಚ್ಚುವ ಹೊತ್ತಿಗೆ ಫಾರೆಸ್ಟ್ ಗಾರ್ಡ್ ಬಂದಳು. ಊರಿಗೆ ಬಂದು ವರ್ಷವಾಗದ ಹುಡುಗಿ. ಬೂಟಿನ ತುಂಬ ಕೆಸರು.

"ನಿಮ್ಮ ವೈರ್ ಕಟರ್ ತಗೊಂಡು ಸ್ವಲ್ಪ ಬರ್ತೀರಾ? ಕರಡಿ ಸಿಕ್ಕಿದೆ. ಸತ್ತಿದೆ."

ಮೆಕ್ಯಾನಿಕ್ ಕೈ ಒರೆಸುವುದನ್ನು ನಿಲ್ಲಿಸಿದ. "ಅದೇ ಕರಡೀನಾ?"

"ಅದೇ ಅನ್ಸುತ್ತೆ. ಮುಂಗಾಲಲ್ಲಿ ವೈರು ಇದೆ. ನಮ್ಮ ಕಟರ್‌ಗೆ ಬಗ್ಗುತ್ತೆ, ತುಂಡಾಗ್ತಿಲ್ಲ. ಪಶು ಡಾಕ್ಟರು ಕಾಯ್ತಾ ಇದಾರೆ."

ಹೋದ ತಿಂಗಳು ಬೆಳಗಿನ ಜಾವ ಹೊಲಕ್ಕೆ ಹೋಗಿದ್ದ ಅಕ್ಕನ ಗಂಡನ ಮೇಲೆ ಕರಡಿ ಬಿದ್ದಿತ್ತು. ಒಂದು ಕಣ್ಣು ಹೋಯಿತು. ಮೂಗು, ಎಡಗೆನ್ನೆ, ಅರ್ಧ ತುಟಿ ಹೋಯಿತು. ಆಸ್ಪತ್ರೆಯವರು ಆದಷ್ಟು ಹೊಲಿದು ಮನೆಗೆ ಕಳಿಸಿದ್ದರು. ಅಂದಿನಿಂದ ಭಾವ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಾನೆ. ಮಗಳು ಆ ಕೋಣೆಗೆ ಹೋಗುವುದಿಲ್ಲ.

ಕರಡಿ ಊರ ಹೊರಗಿನ ಒಣ ನಾಲೆಯಲ್ಲಿ ಬಿದ್ದಿತ್ತು. ದಂಡೆಯ ಮೇಲೆ ಜನ ಸೇರಿದ್ದರು. ಮೆಕ್ಯಾನಿಕ್ ಅದು ದೊಡ್ಡದಿರುತ್ತದೆ ಎಂದುಕೊಂಡಿದ್ದ. ಚಿಕ್ಕದಿತ್ತು. ಕೂದಲು ಉದುರಿ ಪಕ್ಕೆಲುಬುಗಳು ಕಾಣುತ್ತಿದ್ದವು. ಬಲ ಮುಂಗಾಲು ಊದಿ ಇನ್ನೊಂದರ ಎರಡು ಪಟ್ಟಾಗಿತ್ತು. ವೈರು ಚರ್ಮ, ಮಾಂಸ ದಾಟಿ ಒಳಗೆಲ್ಲೋ ಹೋಗಿತ್ತು. ಒಂದು ಮೊಳದಷ್ಟು ಹೊರಗೆ ಜೋತಾಡುತ್ತಿತ್ತು. ವಾಸನೆಗೆ ಮೂಗು ಮುಚ್ಚಬೇಕಾಯಿತು.

"ಯಾರೋ ಹಾಕಿದ ಉರುಳಿಗೆ ಸಿಕ್ಕಿ, ಗೂಟ ಕಿತ್ಕೊಂಡು ತಪ್ಪಿಸಿಕೊಂಡಿದೆ," ಎಂದಳು ಗಾರ್ಡ್. "ಈ ಕಾಲಲ್ಲಿ ಹುತ್ತ ಅಗೆಯೋಕಾಗಲ್ಲ, ಮರ ಹತ್ತೋಕಾಗಲ್ಲ. ಹಸಿವು, ನೋವು. ಹೊಲಕ್ಕೆ ಬಂದಿದೆ, ಎದುರಿಗೆ ಮನುಷ್ಯ ಸಿಕ್ಕಿದಾನೆ."

"ಅಂದ್ರೆ ತಪ್ಪು ನಮ್ಮದೇ ಅನ್ನಿ," ಹಿಂದೆಯೇ ಬಂದಿದ್ದ ಟ್ರ್ಯಾಕ್ಟರ್ ಡ್ರೈವರ್ ಮೇಲಿನಿಂದ ಕೂಗಿದ. "ಗ್ರೀಸಣ್ಣನ ಭಾವನ ಮುಖ ನೋಡಿದೀರಾ ಮೇಡಂ? ಕನ್ನಡಿ ತೆಗೆದಿಟ್ಟಿದಾರೆ ಮನೇಲಿ."

"ನೋಡಿದೀನಿ. ಆಸ್ಪತ್ರೆಗೆ ಸಾಗಿಸಿದ್ದು ನಮ್ಮ ಜೀಪಲ್ಲೇ."

"ಹಂದಿ ನುಗ್ಗಿದಾಗ ಫೋನ್ ಮಾಡಿದ್ರೆ ನಿಮ್ಮ ಜೀಪಿಗೆ ಡೀಸೆಲ್ ಇರಲ್ಲ. ಕರಡಿ ಸತ್ರೆ ಡಾಕ್ಟರ್ ಸಮೇತ ಬರ್ತೀರಿ."

ಗಾರ್ಡ್ ತಲೆಯೆತ್ತಿ ದಂಡೆಯ ಕಡೆ ನೋಡಿದಳು. "ಡೀಸೆಲ್ ಇರಲ್ಲ ಅನ್ನೋದು ನಿಜ. ಅದು ನಮ್ಮ ತಪ್ಪೇ," ಎಂದಳು. "ಆದರೆ ಉರುಳಿಗೆ ಹಂದಿ ಯಾವುದು, ಕರಡಿ ಯಾವುದು ಅಂತ ಗೊತ್ತಾಗಲ್ಲ."

ಮೆಕ್ಯಾನಿಕ್ ಕುಕ್ಕರುಗಾಲಲ್ಲಿ ಕೂತು ಜೋತಾಡುತ್ತಿದ್ದ ವೈರನ್ನು ಕೈಗೆ ತೆಗೆದುಕೊಂಡ. ರಕ್ತ, ಮಣ್ಣು ಮೆತ್ತಿತ್ತು. ಹೆಬ್ಬೆರಳಿನಿಂದ ತುದಿಯನ್ನು ಉಜ್ಜಿದ. ಮೆಣಸಿನ ಕಾಳಿನಷ್ಟು ಗುಂಡು. ಹಳದಿ.

ಬೆಸುಗೆಯ ಸೀಸ ಮುಗಿದಿದ್ದ ಒಂದು ದಿನ ಪಕ್ಕದ ವೆಲ್ಡಿಂಗ್ ಅಂಗಡಿಯಿಂದ ಹಿತ್ತಾಳೆ ಕಡ್ಡಿ ತಂದು ಅವನು ಒಂದು ಕಟ್ಟು ವೈರಿಗೆ ತುದಿ ಕಟ್ಟಿದ್ದ. ಒಂದೇ ಕಟ್ಟು. "ಚಿನ್ನದ ತುದಿ ಹಾಕಿಕೊಟ್ಟಿದೀಯಲ್ಲೋ," ಎಂದು ನಗುತ್ತ ಅದನ್ನು ಒಯ್ದವಳು ಅಕ್ಕ.

ಗುಂಡು ಇಲ್ಲದಿದ್ದರೆ ಎಳೆಗಳು ಬಿಚ್ಚಿ, ಎಳೆದಾಡಿದಾಗ ಗಂಟು ಜಾರಿ, ಕರಡಿ ಕಾಲು ಬಿಡಿಸಿಕೊಂಡು ಹೋಗುತ್ತಿತ್ತು. ಯಾರ ಕೈಗೂ ಚುಚ್ಚಬಾರದೆಂದು ಹಾಕಿದ ಗುಂಡೇ ಗಂಟನ್ನು ಬಿಗಿಯಾಗಿ ಹಿಡಿದಿತ್ತು. ವೈರಿನ ಕೆಲಸ ಬಲ್ಲವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಗಾರ್ಡ್ ಡಾಕ್ಟರ ಕಡೆ ತಿರುಗಿದಾಗ ಅವನು ತುದಿಯನ್ನಷ್ಟೇ ಕತ್ತರಿಸಿ ಜೇಬಿಗೆ ಹಾಕಿಕೊಂಡ. ಆಮೇಲೆ ಉಳಿದ ವೈರನ್ನು ಎರಡು ಕಡೆ ಕತ್ತರಿಸಿ ಅವರ ಕೈಗೆ ಕೊಟ್ಟ. ಕಟರ್ ತೊಳೆಯಲು ನಾಲೆಯಲ್ಲಿ ನೀರಿರಲಿಲ್ಲ.

ಮಧ್ಯಾಹ್ನ ಅವನು ಅಕ್ಕನ ಮನೆಗೆ ಹೋದಾಗ ಅವಳು ಹೊಸ್ತಿಲಲ್ಲಿ ಕೂತು ಹಂದಿ ಅರ್ಧ ತಿಂದು ಬಿಟ್ಟ ಗೆಣಸುಗಳನ್ನು ಕೊರೆದು ಒಳ್ಳೆಯ ಭಾಗ ಬೇರೆ ಮಾಡುತ್ತಿದ್ದಳು. ಅವನನ್ನು ಕಂಡದ್ದೇ ಮುಖ ಅರಳಿತು.

"ಸತ್ತಿತಂತಲ್ಲೋ! ಹುಳ ಬಿದ್ದು ಸತ್ತಿತಂತೆ. ಇವತ್ತು ನನ್ನ ಹೊಟ್ಟೆ ತಣ್ಣಗಾಯ್ತು. ನೀನೂ ಹೋಗಿದ್ಯಂತೆ, ಒಂದು ಒದ್ದು ಬರಬಾರದಾಗಿತ್ತಾ?"

"ಬಹಳ ಸಣ್ಣದಿತ್ತು ಅಕ್ಕ."

"ಸಣ್ಣದು! ಆ ಸಣ್ಣದು ನನ್ನ ಗಂಡನ್ನ ಏನು ಮಾಡಿದೆ ಅಂತ ಒಳಗೆ ಹೋಗಿ ನೋಡು." ದನಿ ತಗ್ಗಿಸಿದಳು. "ಇರಲಿ. ಇನ್ನೊಂದಿಷ್ಟು ವೈರು ಕೊಡು. ರಾತ್ರಿ ಮತ್ತೆ ನುಗ್ಗಿವೆ. ನಿನ್ನ ಭಾವ ಅಂತೂ ಏಳಲ್ಲ. ನಾನೇ ಕಟ್ಕೋತೀನಿ."

"ಏನು ಕಟ್ತೀಯ?"

"ಬೇಲಿ."

"ಅಕ್ಕ, ನನ್ನ ಮುಖ ನೋಡಿ ಹೇಳು. ಏನು ಕಟ್ತೀಯ?"

ಅವಳು ಚಾಕು ಕೆಳಗಿಟ್ಟಳು. "ಗೊತ್ತಿದ್ದೂ ಕೇಳ್ತೀಯಲ್ಲ. ಉರುಳು. ಹೌದು, ಉರುಳು! ಮತ್ತೇನು, ಹಂದಿಗೆ ಕೈ ಮುಗಿದು ಆ ಕಡೆ ಹೋಗಪ್ಪ ಅಂತ ಹೇಳಲಾ? ನೀನು ಊರೊಳಗೆ ನೆರಳಲ್ಲಿ ಕೂತು ನಟ್ಟು ತಿರುಗಿಸೋನು. ರಾತ್ರಿಯೆಲ್ಲ ಡಬ್ಬ ಬಡ್ಕೊಂಡು ಕೂರೋದು ನಾವು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವನು ಜೇಬಿನಿಂದ ವೈರಿನ ತುಂಡನ್ನು ತೆಗೆದು ಗೆಣಸಿನ ಪಕ್ಕದಲ್ಲಿಟ್ಟ.

"ಕರಡಿ ಕಾಲಲ್ಲಿತ್ತು."

ಅಕ್ಕ ಅದನ್ನು ನೋಡಿದಳು. ಮುಟ್ಟಲಿಲ್ಲ. "ಊರಲ್ಲಿ ಯಾರ ಮನೇಲಿಲ್ಲ ನಿನ್ನ ವೈರು?"

"ಹಿತ್ತಾಳೆ ತುದಿದು ನಿನಗೆ ಮಾತ್ರ ಕೊಟ್ಟಿದ್ದು."

"ಸುಳ್ಳು ಹೇಳಬೇಡ. ಆ ಗಾರ್ಡ್ ಹೇಳಿಕೊಟ್ಟಳಾ? ನಾವೇ ನಮ್ಮ ಮನುಷ್ಯನ್ನ..." ಮಾತು ಅಲ್ಲಿಗೇ ನಿಂತಿತು. "ನಿನ್ನ ಭಾವನ ಕಿವಿಗೆ ಬೀಳಿಸಬೇಡ. ನಿನ್ನ ಕಾಲಿಗೆ ಬೀಳ್ತೀನಿ. ಅವರು ಆ ಕರಡೀನ ಬೈಕೊಂಡಾದರೂ ಬದುಕಲಿ."

ಒಳಕೋಣೆಯ ಬಾಗಿಲು ತೆರೆಯಿತು. ಭಾವ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ. ಮುಖಕ್ಕೆ ಟವೆಲು ಸುತ್ತಿತ್ತು. ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ನಾನು ಒಂದು ದಿನಾನೂ ಅದನ್ನ ಬೈದಿಲ್ಲ," ಎಂದ. ಅರ್ಧ ತುಟಿ ಇಲ್ಲದ್ದರಿಂದ ಮಾತಿನೊಂದಿಗೆ ಗಾಳಿ ಹೊರಡುತ್ತಿತ್ತು. "ನೀನೇ ಬೈತಿದ್ದದ್ದು."

ಬಂದು ಹೊಸ್ತಿಲ ಬಳಿ ಕೂತು ವೈರಿನ ತುಂಡನ್ನು ಎತ್ತಿಕೊಂಡ. ಕುರುಡರಂತೆ ಬೆರಳಿನಿಂದಲೇ ತುದಿಯನ್ನು ನೋಡಿದ.

"ಅದು ನನ್ನ ಮೇಲಿತ್ತು. ತಳ್ಳೋಣ ಅಂತ ಕಾಲು ಹಿಡಿದೆ, ಕೈಗೆ ವೈರು ಸಿಕ್ತು. ಜಗ್ಗಿದೆ. ಅದು ಕಿರುಚಿತು. ಕಿರುಚಿ, ಆಮೇಲೆ ಕಚ್ಚಿತು. ಈ ಗುಂಡು ನನ್ನ ಬೆರಳ ಸಂದಿಯಲ್ಲಿತ್ತು. ನಾನೇ ಕಟ್ಟಿದ ಗಂಟು, ನನಗೆ ಗೊತ್ತಾಗಲ್ವಾ?"

"ಏನೂ ನೆನಪಿಲ್ಲ ಅಂದ್ರಲ್ಲ ಎಲ್ಲರಿಗೂ," ಎಂದಳು ಅಕ್ಕ. ಅವಳ ದನಿ ತೀರ ಸಣ್ಣಗಾಗಿತ್ತು.

"ಇನ್ನೇನು ಅನ್ನಲಿ? ವೈರು ಕೇಳಿದ್ದು ನೀನು, ಕೊಟ್ಟಿದ್ದು ಇವನು, ಕಟ್ಟಿದ್ದು ನಾನು. ಕರಡಿ ಅಂದ್ಬಿಟ್ರೆ ಎಲ್ಲರಿಗೂ ಸುಲಭ."

ಅಕ್ಕ ಕೊರೆದಿಟ್ಟ ಗೆಣಸಿನ ಹೋಳುಗಳನ್ನು ಬುಟ್ಟಿಗೆ ತುಂಬಿದಳು. ತುಂಬಿದ್ದನ್ನು ಮತ್ತೆ ಸುರಿದಳು. ಸೆರಗಿನಿಂದ ಕಣ್ಣು ಒರೆಸಿಕೊಳ್ಳಲೂ ಅವಳಿಗೆ ತೋಚಲಿಲ್ಲ.

"ಇನ್ನೂ ಉರುಳು ಇವೆಯಾ?" ಮೆಕ್ಯಾನಿಕ್ ಕೇಳಿದ.

"ಇವೆ. ಎಲ್ಲಿ ಅಂತ ನನಗೆ ಮಾತ್ರ ಗೊತ್ತು. ಅದಕ್ಕೇ ನಿದ್ದೆ ಬರಲ್ಲ," ಎಂದ ಭಾವ.

ಮರುದಿನ ಬಿಸಿಲೇರಿದ ಮೇಲೆ ಮೂವರೂ ಹೊರಟರು. ಬಾಗಿಲ ಬಳಿ ಭಾವ ಟವೆಲು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟ. ಅದನ್ನು ಸುತ್ತಿಕೊಂಡರೆ ಉಳಿದ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ, ಅಷ್ಟೇ. ಬೀದಿಯಲ್ಲಿ ಟ್ರ್ಯಾಕ್ಟರ್ ಡ್ರೈವರ್ ಎದುರಾದ. "ಏನಣ್ಣ, ಹೇಗಿ..." ಎಂದವನು ಟೈರಿನ ಗಾಳಿ ನೋಡುವವನಂತೆ ಬಗ್ಗಿದ.

ಉರುಳುಗಳು ಹುಲ್ಲಿನಲ್ಲಿ ಕಾಣುತ್ತಿರಲಿಲ್ಲ. ಭಾವ ಒಂದು ಪೊದೆಯಿಂದ ಇನ್ನೊಂದಕ್ಕೆ ತಡವರಿಸದೆ ನಡೆದು ಬೆರಳು ತೋರಿಸುತ್ತಿದ್ದ. ಮೆಕ್ಯಾನಿಕ್ ಕತ್ತರಿಸುತ್ತಿದ್ದ. ಅಕ್ಕ ಸುರುಳಿ ಸುತ್ತಿ ತೋಳಿಗೆ ಹಾಕಿಕೊಳ್ಳುತ್ತಿದ್ದಳು. ಒಂದರಲ್ಲಿ ಮೊಲದ ಮೂಳೆಗಳಿದ್ದವು. ಇನ್ನೊಂದರಲ್ಲಿ ನಾಯಿಯ ಕೊರಳಪಟ್ಟಿ ಮಾತ್ರ ಇತ್ತು. ಯಾರ ಮನೆಯ ನಾಯಿ ಎಂದು ಅಕ್ಕನಿಗೆ ಗೊತ್ತಾಯಿತು. ಅವರ ನಾಯಿಯನ್ನು ಚಿರತೆ ಒಯ್ದಿತೆಂದು ಅವರ ಜೊತೆ ಸೇರಿ ಅವಳೂ ಅರಣ್ಯ ಇಲಾಖೆಯನ್ನು ಶಪಿಸಿದ್ದಳು.

ಹೊಲದ ಕೊನೆಯ ಮೂಲೆಯಲ್ಲಿ ಭಾವ ನಿಂತುಬಿಟ್ಟ.

"ಇಲ್ಲೊಂದಿತ್ತು."

ಅಲ್ಲಿ ಕುಳಿ ಇತ್ತು. ಗೂಟ ಇರಲಿಲ್ಲ. ಸುತ್ತ ಹುಲ್ಲು ನೆಲಕಚ್ಚಿತ್ತು, ಪಕ್ಕದ ಮರದ ತೊಗಟೆ ಕಿತ್ತುಬಂದಿತ್ತು. ಎಳೆದ ಗುರುತು ಕಲ್ಲು ನೆಲದವರೆಗೆ ಹೋಗಿ ಅಳಿಸಿತ್ತು. ಮೆಕ್ಯಾನಿಕ್ ಕುಳಿಗೆ ಕೈ ಹಾಕಿದ. ಮಣ್ಣು ಇನ್ನೂ ಹಸಿಯಾಗಿತ್ತು.

"ಅದೇ ಕರಡಿದಿರಬೇಕು," ಎಂದಳು ಅಕ್ಕ.

"ಅದು ಸಿಕ್ಕಿದ್ದು ನಾಲೆ ಕಡೆಯ ಉರುಳಿಗೆ, ಹಿತ್ತಾಳೆ ತುದಿದನ್ನ ಕಟ್ಟಿದ್ದು ಅಲ್ಲೇ. ಇದು ಬೇರೆ," ಎಂದ ಭಾವ.

"ಯಾವ ಪ್ರಾಣಿ?"

"ಗೊತ್ತಿಲ್ಲ."

ಅಕ್ಕ ಕಾಡಿನ ಕಡೆ ನೋಡಿದಳು. "ಗಾರ್ಡ್‌ಗೆ ಹೇಳಿದ್ರೆ ಕೇಸು ಹಾಕ್ತಾಳೆ. ನಿಮ್ಮನ್ನ ಈ ಸ್ಥಿತಿಯಲ್ಲಿ ಎಳ್ಕೊಂಡು ಹೋಗ್ತಾರೆ."

"ಹೋಗಲಿ."

"ಮಗಳು?"

ಭಾವ ತನ್ನ ಮುಖದ ಎಡಭಾಗವನ್ನು ಒಮ್ಮೆ ಮುಟ್ಟಿಕೊಂಡು ದಾರಿ ಹಿಡಿದ. ಮನೆಯ ತಿರುವು ಬಂದಾಗ ತಿರುಗಲಿಲ್ಲ.

ಗಾರ್ಡ್ ತನ್ನ ಒಂದೇ ಕೋಣೆಯ ಠಾಣೆಯಲ್ಲಿ ಬೂಟಿನ ಒಣಗಿದ ಕೆಸರು ಕೆರೆಯುತ್ತಿದ್ದಳು. ಮೂವರನ್ನೂ ನೋಡಿದಳು, ಅಕ್ಕನ ತೋಳಿನ ಸುರುಳಿಗಳನ್ನು ನೋಡಿದಳು. ಇದ್ದ ಒಂದೇ ಕುರ್ಚಿಯನ್ನು ಭಾವನ ಕಡೆ ತಳ್ಳಿದಳು. ಅವನು ಕೂರಲಿಲ್ಲ.

ಮೆಕ್ಯಾನಿಕ್ ಹಿತ್ತಾಳೆ ತುದಿಯನ್ನು ಮೇಜಿನ ಮೇಲಿಟ್ಟ. "ಇದನ್ನ ನಿನ್ನೆ ಕತ್ತರಿಸಿ ಜೇಬಿಗೆ ಹಾಕ್ಕೊಂಡಿದ್ದೆ."

"ಕಟ್ಟಿದ್ದು ನಾನು," ಎಂದ ಭಾವ. "ಅದೆಲ್ಲ ಆಮೇಲೆ ಬರ್ಕೊಳ್ಳಿ. ಇನ್ನೊಂದು ಓಡಾಡ್ತಾ ಇದೆ, ನನ್ನ ವೈರು ಕಟ್ಕೊಂಡು. ಒಬ್ಬೊಬ್ಬರೇ ಹೊಲಕ್ಕೆ ಹೋಗಬೇಡಿ ಅಂತ ಮೊದಲು ಊರಿಗೆ ಹೇಳಿ."

ಗಾರ್ಡ್ ಫೋನ್ ಎತ್ತಿಕೊಂಡಳು. ಅಷ್ಟರಲ್ಲಿ ಕಿಟಕಿಯ ಆಚೆ, ಬುಟ್ಟಿ ಹಿಡಿದ ಹೆಂಗಸೊಬ್ಬಳು ಹೊಲದ ದಾರಿ ಹಿಡಿದದ್ದು ಅಕ್ಕನಿಗೆ ಕಂಡಿತು. ಉರುಳಿಗೆ ಸಿಕ್ಕಿದ್ದ ಆ ನಾಯಿ ಇವಳದೇ.

ಅಕ್ಕ ಬಾಗಿಲಿಗೆ ಓಡಿದಳು. ತೋಳಿನ ವೈರುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಏ, ನಿಲ್ಲೇ! ಆ ಕಡೆ ಹೋಗಬೇಡ!"

"ಯಾಕೇ? ಏನಾಯ್ತು?" ಆ ಹೆಂಗಸು ಅಲ್ಲಿಂದಲೇ ಕೂಗಿದಳು.

ಅಕ್ಕ ಮೆಟ್ಟಿಲಿಳಿದು, ಅವಳ ಹತ್ತಿರ ಹೋಗಿ, ಹೇಳತೊಡಗಿದಳು.